ಕೊಟ್ಟಿಗೆಯಿಂದ ಹೊರಗೆ

ಗ್ಯಾರೆಟ್ ಮುಂದೆ ನುಗ್ಗಿದ್ದೇ ತಡ, ಹಿಂದಿನ ಕಾರುಗಳು ಒಂದೊಂದಾಗಿ ಪರದೆಯಿಂದ ಮಾಯವಾದವು. ರೇಸು ಮತ್ತೆ ರದ್ದು.

ಅವನು ಸಿಕ್ಕಿಬಿದ್ದಿದ್ದ ಜಾಗಕ್ಕೆ ಆಟಗಾರರು ಇಟ್ಟ ಹೆಸರು ಕೊಟ್ಟಿಗೆ. ಆನ್‌ಲೈನ್ ರೇಸಿನಲ್ಲಿ ಸೋಲುವ ಸೂಚನೆ ಕಂಡೊಡನೆ ಆಟ ಬಿಟ್ಟು ಓಡುವವರನ್ನೆಲ್ಲ ಆಟದ ಕಂಪನಿಯವರು ಅಲ್ಲಿಗೆ ದಬ್ಬುತ್ತಿದ್ದರು. ಗ್ಯಾರೆಟ್ ಹಾಗೆ ಓಡಿ ಓಡಿಯೇ ಅಲ್ಲಿಗೆ ಬಂದವನು. ಹೊರಬೀಳಲು ಒಂದು ರೇಸು ಪೂರ್ತಿಯಾಗಬೇಕು, ಕನಿಷ್ಠ ಇಬ್ಬರು ಗೆರೆ ದಾಟಬೇಕು. ಅದೇ ಆಗುತ್ತಿರಲಿಲ್ಲ. ಹಿಂದೆ ಬಿದ್ದವರು ಓಡಿಹೋಗುತ್ತಿದ್ದರು. ದಾರಿ ಬಿಟ್ಟುಕೊಟ್ಟರೆ, ಮುಂದೆ ಹೋದವರೇ ತಿರುಗಿ ಬಂದು ಗುದ್ದುತ್ತಿದ್ದರು.

ಅಡುಗೆಮನೆಯಿಂದ ಅಕ್ಕ ಬ್ರೆನ್ನಾ ಕೂಗಿದಳು. "ಭಾನುವಾರ ಮಧ್ಯಾಹ್ನ ನಮ್ಮ ಜೋಡಿ ಫೈನಲ್ಲು. ಅಷ್ಟರಲ್ಲಿ ಹೊರಗೆ ಬಂದ್ರೆ ಸರಿ. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಪಕ್ಕದ್ಮನೆ ಡಸ್ಟಿನ್."

"ಅವನಾ? ಬ್ರೇಕ್ ಎಲ್ಲಿದೆ ಅಂತಾನೇ ಗೊತ್ತಿಲ್ಲ ಅವನಿಗೆ!"

"ಗೊತ್ತಿಲ್ದಿದ್ರೂ ಕೊನೇವರ್ಗೂ ಇರ್ತಾನಪ್ಪ."

ಗ್ಯಾರೆಟ್ ಮುಂದಿನ ರೇಸಿಗೆ ಗುಂಡಿ ಒತ್ತಿದ.

ಅವನ ಪುಣ್ಯಕ್ಕೆ ಕೊಟ್ಟಿಗೆಯಲ್ಲಿ ವರ್ನಾ ಸಿಕ್ಕಳು. ಮ್ಯಾನಿಟೋಬಾ ಎಂಬ ದೂರದ ಸೀಮೆಯ ಹೊಲಗಳ ನಡುವೆ ಒಬ್ಬಳೇ ಇರುವ ಮುದುಕಿ. ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಗುದ್ದುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಆಡುತ್ತಲೇ ಹೆಡ್‌ಫೋನಿನಲ್ಲಿ ಹರಟುತ್ತಿದ್ದಳು.

"ನೀವ್ಯಾಕೆ ಇಲ್ಲಿಗೆ ಬಂದ್ರಿ, ಅಜ್ಜಿ?"

"ಹಳ್ಳಿ ಇಂಟರ್ನೆಟ್ಟು, ಮರಿ. ಗಾಳಿ ಬೀಸಿದ್ರೆ ಹೋಗತ್ತೆ. ಓಡಿಹೋದ್ಲು ಅಂತ ಹಣೆಪಟ್ಟಿ ಕಟ್ಟಿದ್ರು."

ಪ್ರತಿ ಸಲವೂ ಕೊನೆಯ ತಿರುವಿನಲ್ಲಿ ಅವಳ ಕಾರು ಮಾಯವಾಗುತ್ತಿತ್ತು. "ಅಯ್ಯೋ, ಮತ್ತೆ ಹೋಯ್ತು ನೋಡು!" ಎಂದು ಗ್ಯಾರೆಟ್‌ನ ಕಿವಿಯಲ್ಲಿ ಗೋಳಾಡುತ್ತಿದ್ದಳು. ಹಿಂದೆಯೇ ಚಹಾದಲ್ಲಿ ಚಮಚ ಆಡಿಸುವ ಕಿಣಿಕಿಣಿ. ಅವನೇ ಸಮಾಧಾನ ಮಾಡಬೇಕು. "ನಿಮ್ಮ ತಪ್ಪೇನಿದೆ, ಬಿಡಿ."

ಭಾನುವಾರ ಫೈನಲ್ಲಿಗೆ ಮುಂಚೆ ಉಳಿದದ್ದು ಒಂದೇ ರೇಸಿನ ಹೊತ್ತು. ಉಳಿದವರೆಲ್ಲ ಎಂದಿನಂತೆ ಓಡಿಹೋದರು.

"ಅಜ್ಜಿ, ನೀವೇ ಮುಂದೆ ಹೋಗಿ. ನಾನು ಹಿಂದೆ ಬರ್ತೀನಿ."

ಜೀವನದಲ್ಲಿ ಮೊದಲ ಸಲ ಅವನು ಎರಡನೆಯವನಾಗಲು ಕಾರು ಓಡಿಸಿದ. ಗೆರೆ ಕಣ್ಣಿಗೆ ಬಿತ್ತು.

"ಹೊರಗೆ ಹೋದ್ಮೇಲೆ ಈ ಕಡೆ ಬರ್ತೀಯಾ, ಮರಿ?"

"ಈ ನರಕಕ್ಕಾ? ನಂಗೇನು ತಲೆ ಕೆಟ್ಟಿದ್ಯಾ!"

ಇಬ್ಬರೂ ನಕ್ಕರು. ವರ್ನಾಳ ಕಾರು ಮಾಯವಾಯಿತು.

"ಗಾಳಿ, ಮರಿ! ಹಾಳು ಗಾಳಿ!"

ಅಡುಗೆಮನೆಯಲ್ಲಿ ಬ್ರೆನ್ನಾ ಡಸ್ಟಿನ್‌ಗೆ ಫೋನು ಮಾಡುವುದು ಕೇಳಿಸಿತು. ಗ್ಯಾರೆಟ್ ತಲೆಯ ಮೇಲೆ ಕೈಹೊತ್ತು ಕೂತ.

"ಹೋಗ್ಲಿ ಬಿಡು," ಎಂದಳು ವರ್ನಾ. "ಇನ್ನೊಂದು ಆಟ ಆಡೋಣ. ನಾನಿದ್ದೀನಲ್ಲ."

"ಇಲ್ಲಿ ನಂಬೋ ಹಾಗಿರೋದು ನೀವೊಬ್ರೇ, ಅಜ್ಜಿ."

ಮ್ಯಾನಿಟೋಬಾದಲ್ಲಿ ಅಂದು ಒಂದು ಎಲೆಯೂ ಅಲುಗುತ್ತಿರಲಿಲ್ಲ. ವರ್ನಾ 'ಆಟ ಬಿಡು' ಗುಂಡಿಯ ಮೇಲಿದ್ದ ಬೆರಳನ್ನು ಮೆಲ್ಲಗೆ ತೆಗೆದಳು.