ಎಂಟುನೂರು ದಾಟಿದ ಸ್ಕೋರು

ಫೈನಾನ್ಸಿನವನು ಮಿಠಾಯಿ ಡಬ್ಬಿ ಹಿಡಿದು ಬಂದದ್ದನ್ನು ಆ ಬೀದಿ ಕಂಡದ್ದು ಅದೇ ಮೊದಲು. ಬೇರೆ ದಿನಗಳಲ್ಲಿ ಅವನ ಬೈಕಿನ ಸದ್ದು ಕೇಳಿದರೆ ನಾಯಿಗಳೂ ಮಂಚದಡಿ ಸೇರುತ್ತಿದ್ದವು.

“ಅಕ್ಕಾ, ಚೌಡಪ್ಪಣ್ಣ ಎಲ್ಲಿ? ಅವರ ಕ್ರೆಡಿಟ್ ಸ್ಕೋರು ಎಂಟುನೂರು ದಾಟೈತೆ! ನಮ್ಮ ಮ್ಯಾನೇಜರ್‌ದೂ ಅಷ್ಟಿಲ್ಲ.”

“ಅವರು ಗೋವಾಗೆ ಕೆಲ್ಸಕ್ಕೆ ಹೋಗವ್ರೆ,” ಎಂದಳು ಚೌಡಪ್ಪನ ಹೆಂಡತಿ, ಬಾಗಿಲಿಗೆ ಅಡ್ಡ ನಿಂತು.

“ಅದೇನು ಮಾಟ ಮಾಡಿದ್ರಕ್ಕಾ? ಮೊದ್ಲು ನನ್ನ ಕಂಡ್ರೆ ಅಟ್ಟ ಹತ್ತೋರು. ಈಗ ವರ್ಷದಿಂದ ಆಟೋ ಸಾಲದ ಕಂತು ಒಂದೂ ತಪ್ಪಿಲ್ಲ. ಕಾರ್ಡಲ್ಲಿ ಒಂದು ಬಾಟ್ಲಿನೂ ತಗೊಂಡಿಲ್ಲ!”

“ಬುದ್ಧಿ ಬಂತು. ಡಬ್ಬಿ ಕೊಟ್ಟು ಹೋಗಪ್ಪ.”

“ಹಂಗೆ ಹೋದ್ರೆ ಮ್ಯಾನೇಜರ್ ಬಿಡ್ತಾರಾ? ಇಂಥ ಗಿರಾಕಿ ಎಲ್ಲಿದ್ರೂ ಹುಡುಕಿ ಹೊಸ ಸಾಲ ಕೊಟ್ಟು ಬಾ ಅಂದವ್ರೆ. ತಡೀರಿ, ಅಣ್ಣಂಗೆ ನಾನೇ ಫೋನ್ ಮಾಡ್ತೀನಿ.”

“ಬೇಡ.”

ಅವನು ಆಗಲೇ ನಂಬರ್ ಒತ್ತಿದ್ದ. ಒಳಗೆ ಅಡುಗೆಮನೆಯ ಗೂಡಿನಲ್ಲಿ ಫೋನು ಬಡಿದುಕೊಂಡಿತು.

“ಓಹೋ, ಇಲ್ಲೇ ಅವ್ರಾ!” ಅವನು ನಗುತ್ತಾ ಅವಳನ್ನು ದಾಟಿ ಒಳಗೆ ನುಗ್ಗಿದ. “ಸಾಲ ಕೇಳೋಕೆ ಬಂದಿಲ್ಲ ಅಣ್ಣಾ, ಕೊಡೋಕೆ ಬಂದಿವ್ನಿ!”

ಗೂಡಿನಲ್ಲಿ ಬರೀ ಫೋನಿತ್ತು. ಅವನ ಬೆನ್ನ ಹಿಂದೆ ಬಾಗಿಲ ಅಗುಳಿ ಬಿತ್ತು.

“ಕಂತು ತಪ್ಪಿದ್ರೆ ಹುಡುಕ್ಕೊಂಡು ಬತ್ತೀರ ಅಂತ ಕೂಲಿ ಮಾಡಿ ಒಂದೂ ಬಿಡದೆ ಕಟ್ದೆ,” ಎಂದಳು ಅವಳು. “ಸರಿಯಾಗಿ ಕಟ್ಟಿದ್ರೂ ಬತ್ತೀರ ಅಂತ ಅವನನ್ನ ಹೂಳೋವಾಗ ಗೊತ್ತಿರ್ಲಿಲ್ಲ.”