ಬಿಸಿಲಿಗೆ ಹಾಕಿದ ಬಟ್ಟೆ

ಮೊಮ್ಮಗಳ ಉಚ್ಚೆಬಟ್ಟೆ ಹಿಂಡಿಕೊಂಡು ದೇವವ್ವ ಅಂಗಳಕ್ಕೆ ನಡೆದಳು. ತಾಯಿಗೆ ಎಚ್‌ಐವಿ ಇದ್ದರೆ ಆಸ್ಪತ್ರೆಯವರು ಕೂಸಿಗೆ ಈ ಬಿಳಿ ಬಟ್ಟೆ ಕೊಡುತ್ತಾರೆ. ಸೋಂಕು ಕೂಸಿಗೂ ತಗುಲಿದ್ದರೆ ಬಟ್ಟೆ ಬಿಸಿಲಲ್ಲಿ ನೀಲಿಯಾಗುತ್ತದೆ; ಕಾಗದ ಬರೆದು ತಿಳಿಸಿದರೆ ಅವರು ಔಷಧ ಕಳಿಸುತ್ತಾರೆ. ಓಣಿಗೆ ಹೆದರಿ ಮಗಳು ಕಸ್ತೂರಿ ಎರಡು ತಿಂಗಳಿಂದ ಒಳಗೇ ಒಣಗಿಸುತ್ತಿದ್ದಳು.

“ಅವ್ವಾ, ಮಂದಿ ನೋಡ್ತಾರ!” ಕಸ್ತೂರಿ ಬಾಗಿಲಿಗೆ ಬಂದಳು.

“ನೋಡ್ಲಿ ಬಿಡು. ಮಂದಿಗಂಜಿ ಕುಂತ್ರ ಕೂಸಿಗೆ ಔಷಧ ಯಾವಾಗ ಬರಬೇಕು?”

ಎಲೆ ಅಡಿಕೆ ಜಗಿದು ಮುಗಿಯುವಷ್ಟರಲ್ಲಿ ಬಟ್ಟೆಯ ಅಂಚು ನೀಲಿಯಾಯಿತು. ಕಸ್ತೂರಿ ಅಳಲಿಲ್ಲ. ಅಳುವಷ್ಟು ತ್ರಾಣ ಉಳಿದಿರಲಿಲ್ಲ. ಹೆರಿಗೆಯ ದಿನವೇ ಆಸ್ಪತ್ರೆಯ ವಿಳಾಸ ಬರೆದಿಟ್ಟಿದ್ದ ಕಾಗದವನ್ನು ದೇವವ್ವ ಪೆಟ್ಟಿಗೆಯಿಂದ ತೆಗೆದು, ‘ನೀಲಿ. ಬೇಗ ಔಷಧ ಕಳಿಸಿರಿ’ ಎಂದು ಸೇರಿಸಿದಳು. ಕೂಸನ್ನು ಎತ್ತಿಕೊಂಡು ಇಬ್ಬರೂ ಓಣಿಯ ನಡುವೆಯೇ ನಡೆದರು. ಅಂಚೆ ಡಬ್ಬಿಗೆ ಕಾಗದ ಹಾಕಿದವಳು ಕಸ್ತೂರಿ.