ಬಳೆ ತೊಟ್ಟ ಕೈ

ಪುರಸಭೆಗೆ ಹೊಸ ಲಾಂಛನ ಬಂದಿತ್ತು. ಮೇಲಕ್ಕೆತ್ತಿದ, ಬಳೆ ತೊಟ್ಟ ಒಂದು ಕೈ. ಅದರ ಎರಡು ಪಕ್ಕಕ್ಕೂ ನಗಾರಿ. ಕೋಟೆ ಬಾಗಿಲ ಬಳಿಯ ಮಾಸ್ತಿಕಲ್ಲಿನಲ್ಲಿ ಇದ್ದದ್ದನ್ನೇ ಇಳಿಸಿಕೊಂಡಿದ್ದರು. ಗಂಡನ ಚಿತೆ ಏರಿದ ಆ ತಾಯಿ ಉರಿಯೊಳಗಿಂದಲೇ ಕೈಯೆತ್ತಿ ಊರನ್ನು ಹರಸಿದಳೆಂದು ಊರಿಗೆ ಊರೇ ನಂಬಿತ್ತು.

ಆ ತಾಯಿಯ ಮನೆತನದಲ್ಲಿ ಈಗ ಉಳಿದವಳು ಅಜ್ಜಿ ಒಬ್ಬಳೇ. ಅನಾವರಣಕ್ಕೆ ಅವಳನ್ನೇ ಕರೆಸಿದ್ದರು.

"ಅಜ್ಜೀ, ಆಯಮ್ಮ ಹರಸಿದ್ದರ ಬಗ್ಗೆ ಎರಡು ಮಾತು ಹೇಳಿಬಿಡಿ," ಎಂದರು ಅಧ್ಯಕ್ಷರು, ವೇದಿಕೆಯ ಮೆಟ್ಟಿಲ ಬಳಿ.

"ಹರಸಿದ್ದಲ್ಲ ಕಣಪ್ಪ. ಇಳಿಸ್ರೋ ಅಂತ ಕೈ ಚಾಚಿದ್ದು. ನಾನು ಸೊಸೆಯಾಗಿ ಬಂದ ದಿನ ನಮ್ಮತ್ತೆ ಬಳೆ ತೊಡಿಸ್ತಾ ಹೇಳಿದ್ರು. ಅವರಿಗೆ ಅವರತ್ತೆ."

"ಮತ್ತೆ ನಗಾರಿ?"

"ಅವಳ ಕೂಗು ಯಾರ ಕಿವಿಗೂ ಬೀಳಬಾರದಲ್ಲ, ಅದಕ್ಕೆ ಬಾರಿಸಿದ್ದು."

ಅಧ್ಯಕ್ಷರು ನೆರೆದ ಜನರ ಕಡೆ ನೋಡಿದರು. "ಇದನ್ನ ಇಲ್ಲಿ ಹೇಳ್ಬೇಡಿ ಅಜ್ಜಿ. ಊರ ಮಾನ ಹೋಗುತ್ತೆ."

"ನನಗೆ ಸೊಸೆ ಇಲ್ಲ, ಮಕ್ಕಳೂ ಇಲ್ಲ. ಇವತ್ತು ನುಂಗಿಕೊಂಡ್ರೆ ಈ ಮಾತು ನನ್ನ ಜೊತೆಗೇ ಮಣ್ಣಾಗುತ್ತೆ."

ಅಜ್ಜಿ ಮೈಕಿನ ಮುಂದೆ ನಿಂತಳು. "ಆ ತಾಯಿ ಕೈ ಎತ್ತಿದ್ದು..." ಎನ್ನುವಷ್ಟರಲ್ಲಿ ಅಧ್ಯಕ್ಷರು ಕಣ್ಸನ್ನೆ ಮಾಡಿದರು. ವೇದಿಕೆಯ ಎರಡು ಪಕ್ಕದಲ್ಲೂ ಅನಾವರಣಕ್ಕೆಂದು ಇರಿಸಿದ್ದ ನಗಾರಿಗಳು ಮೊಳಗಿದವು. ಅಜ್ಜಿ ಗಂಟಲು ಹರಿಯುವ ಹಾಗೆ ಕೂಗಿದಳು. ತನ್ನ ದನಿ ತನಗೇ ಕೇಳಿಸಲಿಲ್ಲ. ನಿಲ್ಲಿಸ್ರೋ ಎಂದು ಕೈಯೆತ್ತಿದಳು.

ಕೆಳಗೆ ನೆರೆದಿದ್ದ ಊರು, ತಾಯಿ ಹರಸಿದಳೆಂದು, ತಲೆಬಾಗಿ ಕೈಮುಗಿಯಿತು.